ಮಗುವಿನ ಚಿಕಿತ್ಸೆಗೆ ಸಹಿ ಯಾರದ್ದು?

ಹೋದ ಸಂಚಿಕೆಯಲ್ಲಿ ಆಪರೇಷನ್‌ಗೆ ಮುಂಚೆ ಮಕ್ಕಳ ಹೆದರಿಕೆ ಕಡಿಮೆ ಮಾಡುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮಾತ್ರ ಬೇರೆಯದೇ ಕೇಳಿವೆ. ಒಪ್ಪಿಗೆ ಕೊಡುವವರು ಯಾರು? ಅಪ್ಪ ಬೇಡ ಅಂದರೆ ಏನು ಗತಿ? ಮಗುವಿನ ಮಾತಿಗೆ ಬೆಲೆ ಇದೆಯಾ? ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಆಗಿ ನನ್ನ ಸರ್ವಿಸ್ ಕಳೆದದ್ದೇ ಇಂಥ ಪ್ರಶ್ನೆಗಳ ಮಧ್ಯೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ.

ಪ್ರಶ್ನೆ: ಮೊಮ್ಮಗನಿಗೆ 11 ವರ್ಷ. ನನ್ನ ಹತ್ತಿರವೇ ಇದ್ದು ಓದುತ್ತಾನೆ. ಮಗ-ಸೊಸೆ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸ. ಒಂದು ರಾತ್ರಿ ಹುಡುಗನಿಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಅಂದರು. ಅಪ್ಪ-ಅಮ್ಮನ ಸಹಿ ಇಲ್ಲದೆ ಆಪರೇಷನ್ ಮಾಡಲ್ಲ ಅಂತ ಬೆಳಗಿನ ತನಕ ಕೂರಿಸಿದರು. ಸಾಕಿದವಳು ನಾನು. ನನ್ನ ಹೆಬ್ಬೆಟ್ಟಿಗೆ ಬೆಲೆ ಇಲ್ವಾ ತಾಯಿ?
– ಒಬ್ಬ ಅಜ್ಜಿ, ಪಾವಗಡ ತಾಲ್ಲೂಕು (ಬರೆದುಕೊಟ್ಟಿದ್ದು ಪಕ್ಕದ ಮನೆ ಹುಡುಗಿ)

ಬೆಲೆ ಇದೆ ಅಜ್ಜಿ. 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ ಮಾಡುವ ಚಿಕಿತ್ಸೆಗೆ ಪೋಷಕರು ಒಪ್ಪಬಹುದು, ಇಲ್ಲವೇ ಆ ಮಗು ನ್ಯಾಯವಾಗಿ ಯಾರ ಸುಪರ್ದಿನಲ್ಲಿದೆಯೋ ಅವರು ಒಪ್ಪಬಹುದು. ಇದು ಇವತ್ತಿನ ಮಾತಲ್ಲ, 1860ರ ದಂಡ ಸಂಹಿತೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಮಗ-ಸೊಸೆ ತಾವಾಗಿಯೇ ಹುಡುಗನನ್ನು ನಿಮ್ಮ ಹತ್ತಿರ ಬಿಟ್ಟಿದ್ದಾರೆ. ಸ್ಕೂಲಿಗೆ ಸೇರಿಸಿದವರು ನೀವು, ಊಟ ಹಾಕುವವರು ನೀವು. ಅವನು ನಿಮ್ಮ ಸುಪರ್ದಿನಲ್ಲೇ ಇದ್ದಾನೆ.

ಇನ್ನು ಜೀವಕ್ಕೆ ಅಪಾಯ ಇದ್ದು, ಒಪ್ಪಿಗೆ ಕೊಡುವವರು ಸಮಯಕ್ಕೆ ಸಿಗದಿದ್ದರೆ, ಯಾರ ಸಹಿಯೂ ಇಲ್ಲದೆ ಡಾಕ್ಟರ್ ಆಪರೇಷನ್ ಮಾಡಬಹುದು. ಅದು 30ನೇ ಸೆಕ್ಷನ್. ಈ ನಿಯಮವನ್ನು ವಿವರಿಸಲು ಹಳೆಯ ಸಂಹಿತೆಯಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ಮಗುವಿಗೆ ಅಪಘಾತ ಆಗಿದೆ, ತಕ್ಷಣ ಆಪರೇಷನ್ ಆಗದಿದ್ದರೆ ಸಾಯುತ್ತದೆ, ಪೋಷಕರನ್ನು ಕೇಳುವಷ್ಟು ಸಮಯವಿಲ್ಲ. ಮಗು ಬೇಡ ಬೇಡ ಅಂತ ಅಂಗಲಾಚಿದರೂ ಸರ್ಜನ್ ಆಪರೇಷನ್ ಮಾಡುತ್ತಾನೆ. ಅವನದು ತಪ್ಪಲ್ಲ, ಅಷ್ಟೇ. 1989ರಲ್ಲಿ ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಜೀವ ಉಳಿಸುವುದು ಪ್ರತಿ ಡಾಕ್ಟರ್‌ನ ಮೊದಲ ಕರ್ತವ್ಯ, ಸರ್ಕಾರಿ ಆಗಲಿ ಖಾಸಗಿ ಆಗಲಿ, ಅಂದಿದೆ.

ಹಾಗಾದರೆ ಅವರು ಯಾಕೆ ಕೂರಿಸಿದರು? ಭಯ ಅಜ್ಜಿ. ನಾಳೆ ಅಪ್ಪ ಬಂದು ‘ಯಾರನ್ನ ಕೇಳಿ ಹೊಟ್ಟೆ ಕೊಯ್ದಿರಿ’ ಅಂತ ಜಗಳಕ್ಕೆ ನಿಂತರೆ ಅಂತ. ಅಪೆಂಡಿಕ್ಸ್‌ನಲ್ಲಿ ಕೆಲವು ಗಂಟೆ ಆಂಟಿಬಯೋಟಿಕ್ ಕೊಟ್ಟು ಕಾಯಬಹುದು, ನಿಜ. ಆದರೆ ಅದು ಒಳಗೆ ಒಡೆದರೆ ಮಗು ಬಹಳ ದಿನ ನರಳುತ್ತದೆ. ಕಾಯಬೇಕೋ ಬೇಡವೋ ಅನ್ನುವುದನ್ನು ಹೊಟ್ಟೆ ನೋಡಿ ತೀರ್ಮಾನ ಮಾಡಬೇಕು, ಬೆಂಗಳೂರಿನ ಬಸ್ ನೋಡಿ ಅಲ್ಲ. ನಾವು ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕುತ್ತಿದ್ದೆವು. ಏನು ಆಪರೇಷನ್, ಏನು ಅಪಾಯ ಅಂತ ಹೇಳಿ, ಅವರು ‘ಮಾಡಿ ಸಾರ್’ ಅಂದದ್ದನ್ನು ಗಂಟೆ-ನಿಮಿಷದ ಸಮೇತ ಕೇಸ್ ಶೀಟ್‌ನಲ್ಲಿ ಬರೆಯುತ್ತಿದ್ದೆವು. ಸಿಸ್ಟರ್ ಒಬ್ಬರು, ಡಾಕ್ಟರ್ ಒಬ್ಬರು ಸಾಕ್ಷಿ ಸಹಿ. ಕೆಳಗೆ ಅಜ್ಜಿಯ ಹೆಬ್ಬೆಟ್ಟು. ನಿಮಗೂ ಹಾಗೆ ಮಾಡಬಹುದಿತ್ತು.

ಮುಂದಕ್ಕೆ ಒಂದು ಕೆಲಸ ಮಾಡಿ. ಮಗ-ಸೊಸೆ ಹಬ್ಬಕ್ಕೆ ಊರಿಗೆ ಬಂದಾಗ ಒಂದು ಕಾಗದ ಬರೆಸಿ ಇಟ್ಟುಕೊಳ್ಳಿ. ‘ನಮ್ಮ ಮಗನ ಚಿಕಿತ್ಸೆಗೆ, ತುರ್ತಾದರೆ ಆಪರೇಷನ್‌ಗೆ, ನಮ್ಮ ಪರವಾಗಿ ನಮ್ಮ ತಾಯಿ ಒಪ್ಪಿಗೆ ಕೊಡಬಹುದು’ ಅಂತ. ಇಬ್ಬರ ಸಹಿ, ಇಬ್ಬರ ಫೋನ್ ನಂಬರ್, ಆಧಾರ್ ಜೆರಾಕ್ಸ್, ಹುಡುಗನಿಗೆ ಯಾವ ಔಷಧಿ ಆಗಿಬರಲ್ಲ ಅನ್ನುವುದು, ಎಲ್ಲ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿರಲಿ. ಮತ್ತೆ, ಹೊಟ್ಟೆನೋವು ಅಂತ ಹೊರಟಾಗ ದಾರಿಯಲ್ಲಿ ಬನ್ನು, ಟೀ ಕೊಡಿಸಬೇಡಿ. ಅರಿವಳಿಕೆ ಕೊಡಲು ಖಾಲಿ ಹೊಟ್ಟೆ ಬೇಕು.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಆ ರಾತ್ರಿ ಹುಡುಗನ ಹತ್ತಿರ ಯಾರಾದರೂ ಮಾತಾಡಿದರಾ? ಎಲ್ಲರೂ ಸಹಿಯ ಹಿಂದೆ ಬಿದ್ದಾಗ ಮಂಚದ ಮೇಲಿರುವ ಮಗುವಿಗೆ ಏನಾಗುತ್ತಿದೆ ಅಂತಲೇ ಗೊತ್ತಿರಲ್ಲ. 11 ವರ್ಷದವನಿಗೆ ಎಲ್ಲ ಅರ್ಥವಾಗುತ್ತದೆ. ನಾನು ಹೊಟ್ಟೆಯ ಬಲಗಡೆ ಬೆರಳಿಟ್ಟು ‘ಇಲ್ಲಿ ಒಂದು ಸಣ್ಣ ಕೊಳವೆ ಊದಿಕೊಂಡಿದೆ, ನೀನು ನಿದ್ದೆ ಮಾಡುವಾಗ ತೆಗೆಯುತ್ತಾರೆ, ಎದ್ದ ಮೇಲೆ ಇಷ್ಟುದ್ದ ಪಟ್ಟಿ ಇರುತ್ತೆ, ಎರಡು ದಿನ ನೋವಿರುತ್ತೆ’ ಅಂತ ನೇರವಾಗಿ ಹೇಳುತ್ತಿದ್ದೆ. ‘ಏನೂ ಮಾಡಲ್ಲ ಪುಟ್ಟ’ ಅಂತ ಸುಳ್ಳು ಹೇಳಬಾರದು. ಸೂಜಿ ಹಾಕಲಾ ಬೇಡವಾ ಅಂತಲೂ ಕೇಳಬಾರದು, ಯಾಕೆಂದರೆ ಬೇಡ ಅಂದರೂ ಹಾಕಲೇಬೇಕು. ಯಾವ ಕೈಗೆ ಹಾಕಲಿ ಅಂತ ಕೇಳಬೇಕು. ಅವನು ಎಡಗೈ ಚಾಚಿದರೆ ಎಡಗೈಗೇ ಹಾಕಬೇಕು.

ಪ್ರಶ್ನೆ: ಗಂಡನಿಂದ ದೂರವಿದ್ದೇನೆ, ಡೈವೋರ್ಸ್ ಇನ್ನೂ ಆಗಿಲ್ಲ. 6 ವರ್ಷದ ಮಗಳ ಟಾನ್ಸಿಲ್ ಆಪರೇಷನ್‌ಗೆ ತಂದೆಯ ಸಹಿಯೇ ಬೇಕು ಅನ್ನುತ್ತಿದ್ದಾರೆ. ಅವರು ಫೋನೇ ಎತ್ತಲ್ಲ.
– ಒಬ್ಬ ತಾಯಿ, ದಾವಣಗೆರೆ

ನಿಮ್ಮ ಸಹಿ ಸಾಕು. 1956ರ ಹಿಂದೂ ಕಾನೂನಿನಲ್ಲಿ ತಂದೆಯ ಹೆಸರು ಮೊದಲು ಬರುತ್ತದೆ, ಅದನ್ನೇ ಹಿಡಿದುಕೊಂಡಿದ್ದಾರೆ. ಆದರೆ 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕ್ ವಿರುದ್ಧ ಹೂಡಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿದೆ. ತಂದೆ ಬದುಕಿದ್ದರೂ ಮಗುವಿನ ಹೊಣೆ ನೋಡದಿದ್ದರೆ ತಾಯಿಯೇ ಸಹಜ ಪೋಷಕಿ. ಮಗು ನಿಮ್ಮ ಹತ್ತಿರ ಇದೆ ಅಂತ ಕೋರ್ಟ್ ಆದೇಶ ಇದ್ದರೆ ಒಂದು ಪ್ರತಿ ಒಯ್ಯಿರಿ. ಇಲ್ಲದಿದ್ದರೂ ಹೆದರಬೇಡಿ, ಮೆಡಿಕಲ್ ಸೂಪರಿಂಟೆಂಡೆಂಟ್ ಅವರನ್ನೇ ಕಂಡು ಮಾತಾಡಿ. ಕೌಂಟರ್‌ನಲ್ಲಿ ಕೂತವರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ.

ಪ್ರಶ್ನೆ: ಮಗಳಿಗೆ 8 ವರ್ಷ. ಟೈಪ್ 1 ಶುಗರ್ ಅಂತ ಗೊತ್ತಾಗಿ ಇನ್ಸುಲಿನ್ ಶುರುವಾಗಿದೆ. ನಮ್ಮ ಯಜಮಾನರು ನಾಟಿ ಔಷಧ ತಂದರು. ಎರಡು ತಿಂಗಳಲ್ಲಿ ಶುಗರ್ ಇಳಿದು ಇನ್ಸುಲಿನ್ ಅರ್ಧಕ್ಕೆ ಬಂತು. ಈಗ ಪೂರ್ತಿ ನಿಲ್ಲಿಸು ಅಂತ ಹಠ. ‘ನನ್ನ ಮಗಳು, ನನ್ನ ಇಷ್ಟ’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಮೊದಲು ಇದು: ಇನ್ಸುಲಿನ್ ಒಂದು ದಿನವೂ ನಿಲ್ಲಿಸಬೇಡಿ. ಈ ಸಾಲು ಓದುವ ಹೊತ್ತಿಗೆ ನಿಲ್ಲಿಸಿಯಾಗಿದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ. ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು, ಉಸಿರು ಜೋರಾಗಿ ಆಳವಾಗಿ ಎಳೆಯುವುದು, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ. ಇವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು.

ನಿಮ್ಮ ಯಜಮಾನರು ಕೆಟ್ಟವರಲ್ಲ. ಅವರ ಕಣ್ಣೆದುರಿಗೇ ಡೋಸ್ ಇಳಿದಿದೆ, ನಂಬದೆ ಏನು ಮಾಡುತ್ತಾರೆ? ಆದರೆ ಇಳಿದದ್ದು ನಾಟಿ ಔಷಧದಿಂದ ಅಲ್ಲ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ನಾಶ ಮಾಡುತ್ತದೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಸ್ವಲ್ಪ ಮಾತ್ರ ಉಳಿದಿರುತ್ತವೆ. ಇಂಜೆಕ್ಷನ್ ಶುರುವಾದಾಗ ಆ ಉಳಿದವಕ್ಕೆ ವಿರಾಮ ಸಿಕ್ಕಿ, ಕೆಲವು ವಾರ ಅಥವಾ ತಿಂಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಡಾಕ್ಟರುಗಳು ಇದಕ್ಕೆ ಹನಿಮೂನ್ ಅವಧಿ ಅನ್ನುತ್ತಾರೆ. ಔಷಧ ಕುಡಿಸದ ಮಕ್ಕಳಲ್ಲೂ ಬರುತ್ತದೆ, ಹೋಗುತ್ತದೆ. ಸರಿಯಾಗಿ ಈ ಹೊತ್ತಿನಲ್ಲೇ ಮನೆಯವರು ಮೋಸ ಹೋಗುವುದು. ಹೀಗೆ ನಿಲ್ಲಿಸಿದ ಮಕ್ಕಳನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಹೊತ್ತು ತಂದದ್ದನ್ನು ನೋಡಿದ್ದೇನೆ. ಎಲ್ಲರನ್ನೂ ಉಳಿಸಲು ಆಗಲಿಲ್ಲ.

1922ರ ಜನವರಿಗೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಸೊರಗಿ ಸಾಯುತ್ತಿದ್ದರು. ಆ ತಿಂಗಳು ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಆಗ ಅದು ಯಾರೂ ನೋಡಿರದ ಔಷಧ. ಸಾಯುವ ಸ್ಥಿತಿಯಲ್ಲಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಇನ್ನು ‘ನನ್ನ ಮಗಳು, ನನ್ನ ಇಷ್ಟ’ ಅನ್ನುವ ಮಾತು. ಮಗಳು ಅವರವಳೇ. ಆದರೆ ಕಾನೂನು ತಂದೆಗೆ ಸಹಿಯ ಅಧಿಕಾರ ಕೊಟ್ಟಿರುವುದು ಮಗುವಿನ ಒಳ್ಳೆಯದಕ್ಕೆ ಬಳಸಲಿ ಅಂತ. ಜೀವ ಉಳಿಸುವ ಔಷಧ ತಪ್ಪಿಸುವ ಹಕ್ಕು ಅದರಲ್ಲಿ ಸೇರಿಲ್ಲ. ಮಗುವಿನ ಹೊಣೆ ಹೊತ್ತವರು ಬೇಕೆಂದೇ ನಿರ್ಲಕ್ಷಿಸಿ ಅದನ್ನು ನೋವಿಗೆ ದೂಡಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 3 ವರ್ಷದ ತನಕ ಜೈಲು ಆಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ತನಕ ವಿಷಯ ಮುಟ್ಟುತ್ತದೆ. ನಾನು ಪೊಲೀಸಿನಿಂದ ಶುರು ಮಾಡಿ ಅನ್ನುವುದಿಲ್ಲ. ಮೊದಲು ಅವರನ್ನು ಡಾಕ್ಟರ್ ಮುಂದೆ ಕೂರಿಸಿ. ಇಂಜೆಕ್ಷನ್ ಕೊಡುವುದನ್ನು ಅವರೇ ಕಲಿಯಲಿ. ಮಗಳಿಗೆ ತನ್ನ ಕೈಯಾರೆ ಕೊಡುವ ಅಪ್ಪಂದಿರು ಅಷ್ಟು ಸುಲಭವಾಗಿ ನಿಲ್ಲಿಸುವುದಿಲ್ಲ, ಇದು ನಾನು ಕಂಡದ್ದು. ಇವತ್ತು ತೊಡೆಗಾ ಹೊಟ್ಟೆಗಾ ಅಂತ ಮಗಳು ಹೇಳಲಿ. ಆದರೆ ಅವರು ಬಾಟಲಿ ಎತ್ತಿ ಎಸೆಯುವ ಮಟ್ಟಕ್ಕೆ ಹೋದರೆ 1098 ಒತ್ತಲು ಹಿಂದೆಮುಂದೆ ನೋಡಬೇಡಿ.

ಪ್ರಶ್ನೆ: ಮಗಳು ಹತ್ತನೇ ಕ್ಲಾಸ್. ಮೂರು ತಿಂಗಳಿಂದ ತಲೆನೋವು, ಊಟ ಸೇರಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಗೆ ಕೂರಿಸಿ ಮಗಳ ಹತ್ತಿರ ಮಾತಾಡಿದರು. ಏನು ಕೇಳಿದರು ಅಂದರೆ ಮಗಳೂ ಹೇಳಲ್ಲ, ಡಾಕ್ಟರೂ ಹೇಳಲ್ಲ. ಫೀಸ್ ಕಟ್ಟುವವನು ನಾನು. ಹೆತ್ತವರಿಗೆ ಹಕ್ಕೇ ಇಲ್ವಾ?
– ಒಬ್ಬ ತಂದೆ, ಹಾಸನ

ಹಕ್ಕಿದೆ. ಯಾವ ಕಾಯಿಲೆ, ಯಾವ ಪರೀಕ್ಷೆ, ಯಾವ ಮಾತ್ರೆ, ಯಾಕೆ, ಬೇರೆ ದಾರಿ ಇದೆಯಾ, ಖರ್ಚೆಷ್ಟು, ಎಲ್ಲ ನಿಮಗೆ ತಿಳಿಯಬೇಕು. 18 ತುಂಬುವ ತನಕ ಆಪರೇಷನ್‌ಗೆ ಸಹಿ ನಿಮ್ಮದೇ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮವೇ ಇದೆ. ಆದರೆ ಆ ಐದು ನಿಮಿಷ ನಿಮ್ಮಿಂದ ಕಿತ್ತುಕೊಂಡದ್ದು ಅಂತ ತಿಳಿಯಬೇಡಿ.

ನಾನೂ ಹಾಗೇ ಹೊರಗೆ ಕಳಿಸುತ್ತಿದ್ದೆ. ಒಳಗೆ ಕೇಳುವುದು ಸಾಮಾನ್ಯ ವಿಷಯಗಳೇ. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ? ಕ್ಲಾಸಲ್ಲಿ ಯಾರ ಪಕ್ಕ ಕೂರ್ತೀಯ? ಮುಟ್ಟು ಸರಿಯಾಗಿ ಆಗುತ್ತಾ? ಯಾರಾದರೂ ರೇಗಿಸ್ತಾರಾ, ಮುಟ್ಟಬಾರದ ಹಾಗೆ ಮುಟ್ಟಿದಾರಾ? ಬದುಕೇ ಬೇಡ ಅನ್ನಿಸಿದೆಯಾ? ಅಪ್ಪ ಎದುರಿಗಿದ್ದರೆ ಎಲ್ಲದಕ್ಕೂ ‘ಇಲ್ಲ’ ಒಂದೇ ಉತ್ತರ. ಒಬ್ಬಳೇ ಇದ್ದಾಗ, ಕುರ್ಚಿಯ ಅಂಚು ಕೆರೆಯುತ್ತಾ, ಕೊನೆಗೆ ಹೇಳುತ್ತಾಳೆ. ತುಂಬಾ ಸಲ ವಿಷಯ ಸಣ್ಣದೇ ಇರುತ್ತದೆ. ಮ್ಯಾಥ್ಸ್ ಟೆಸ್ಟ್‌ನಲ್ಲಿ ಕಡಿಮೆ ಬಂದದ್ದನ್ನು ಮನೆಯಲ್ಲಿ ಮುಚ್ಚಿಟ್ಟಿರುತ್ತಾಳೆ. ಕೆಲವು ಸಲ ದೊಡ್ಡದಿರುತ್ತದೆ.

ದೊಡ್ಡದಿದ್ದರೆ ಡಾಕ್ಟರ್ ಅದನ್ನು ಒಳಗೆ ಇಟ್ಟುಕೊಳ್ಳುವಂತಿಲ್ಲ. ಜೀವಕ್ಕೆ ಅಪಾಯ ಇದ್ದರೆ ನಿಮಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಡಾಕ್ಟರ್‌ಗೇ ಶಿಕ್ಷೆ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ಡಾಕ್ಟರೇ ಮಾಡಬೇಕು, ತಂದೆ-ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಅಪ್ರಾಪ್ತೆಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು ಅಂತ 1971ರ ಕಾಯ್ದೆ ಹೇಳುತ್ತದೆ. ಅಲ್ಲೂ ಹೆತ್ತವರದೇ ಕೊನೆಯ ಮಾತಲ್ಲ. 14 ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದು, ಪೋಷಕರ ಅಭಿಪ್ರಾಯ ಒಂದು, ಹುಡುಗಿಯದು ಇನ್ನೊಂದು ಆದರೆ ಹುಡುಗಿಯ ಮಾತನ್ನು ಮುಖ್ಯವಾಗಿ ಪರಿಗಣಿಸಬೇಕು ಅಂತ. 2022ರಲ್ಲಿ ಇದೇ ಕೋರ್ಟ್, ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರ್ ಅವಳ ಹೆಸರು ಹೇಳಬೇಕಾಗಿಲ್ಲ ಅಂದಿದೆ. ಮಾನಕ್ಕೆ ಹೆದರಿ ಆಸ್ಪತ್ರೆಗೇ ಬಾರದೆ ಕದ್ದುಮುಚ್ಚಿ ಮಾತ್ರೆ ನುಂಗಿಸುವ ಮನೆಗಳಿಗೆ ಇದು ಗೊತ್ತಿರಬೇಕು.

ನಿಮ್ಮ ಮಗಳ ವಿಷಯದಲ್ಲಿ ಹೀಗೆಲ್ಲ ಇದೆ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ನಿಮ್ಮನ್ನು ಮತ್ತೆ ಒಳಗೆ ಕರೆದು ಮಾತ್ರೆ ಬರೆದುಕೊಟ್ಟಿದ್ದರೆ ತುರ್ತಾದದ್ದು ಕಂಡಿಲ್ಲ ಅಂತಲೇ ಅರ್ಥ. ಮಗಳಿಗೆ ‘ಏನು ಕೇಳಿದರು’ ಅಂತ ದಿನಾ ಒತ್ತಾಯ ಮಾಡಬೇಡಿ. ‘ಆ ಡಾಕ್ಟರ್ ಹತ್ತಿರ ಮತ್ತೆ ಹೋಗಬೇಕು ಅನ್ನಿಸಿದರೆ ಹೇಳು, ಕರೆದುಕೊಂಡು ಹೋಗ್ತೀನಿ’ ಅಂತ ಒಂದು ಸಲ ಹೇಳಿ ಬಿಡಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗನಿಗೆ 16 ತುಂಬಿತು. ಇಲ್ಲಿನ ಕ್ಲಿನಿಕ್‌ನವರು ನೇರ ಅವನ ಹತ್ತಿರವೇ ಮಾತಾಡುತ್ತಾರೆ, ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ.
– ಒಬ್ಬ ತಾಯಿ, ರೆಡಿಂಗ್

ಅಲ್ಲಿ 1969ರ ಕಾನೂನಿನಂತೆ 16 ತುಂಬಿದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಬಹುದು. ಅದಕ್ಕಿಂತ ಚಿಕ್ಕವರೂ, ವಿಷಯ ಪೂರ್ತಿ ಅರ್ಥ ಮಾಡಿಕೊಳ್ಳುವಷ್ಟು ತಿಳಿವಳಿಕೆ ಇದ್ದರೆ, ಒಪ್ಪಬಹುದು. ಐದು ಹೆಣ್ಣುಮಕ್ಕಳ ತಾಯಿ ವಿಕ್ಟೋರಿಯಾ ಗಿಲಿಕ್ ಇದನ್ನು ವಿರೋಧಿಸಿ ಕೋರ್ಟಿಗೆ ಹೋಗಿದ್ದರು, 1985ರಲ್ಲಿ ಸೋತರು. ನಮ್ಮಲ್ಲಿ 18ಕ್ಕೆ ಒಂದೇ ಸಲ ಬಾಗಿಲು ತೆರೆಯುವುದಕ್ಕಿಂತ, ವಯಸ್ಸು ಏರಿದಂತೆ ಮಾತಿಗೆ ತೂಕ ಕೊಡುವ ಆ ಕ್ರಮವೇ ನನಗೆ ಹೆಚ್ಚು ಸರಿ ಕಾಣುತ್ತದೆ. ನಿಮಗೆ ಕಸಿವಿಸಿ ಆಗುವುದು ಸಹಜ. ಒಂದು ನೆನಪಿಡಿ: ಅವನು ರಜೆಗೆ ಒಬ್ಬನೇ ಊರಿಗೆ ಬಂದರೆ ಇಲ್ಲಿನ ಆಸ್ಪತ್ರೆ ದೊಡ್ಡವರ ಸಹಿಯನ್ನೇ ಕೇಳುತ್ತದೆ. ಪಾವಗಡದ ಅಜ್ಜಿಗೆ ಹೇಳಿದ ಕಾಗದವನ್ನು ನೀವೂ ಬರೆದು ಅವನ ಕೈಲಿ ಕಳಿಸಿ.

ಪ್ರಶ್ನೆ: ನನಗೆ 16. ಹಾಸ್ಟೆಲ್‌ನಲ್ಲಿದ್ದು ಪಿಯುಸಿ, ನೀಟ್ ಕೋಚಿಂಗ್. ರಾತ್ರಿ ನಿದ್ದೆ ಬರಲ್ಲ, ಸುಮ್ನೆ ಅಳು ಬರುತ್ತೆ. ಮನಸ್ಸಿನ ಡಾಕ್ಟರ್ ನೋಡಬೇಕು. ಅಪ್ಪನಿಗೆ ಗೊತ್ತಾದರೆ ‘ಹುಚ್ಚಿ ಅಂತಾರೆ’ ಅಂತ ಬೈತಾರೆ. ಅವರಿಗೆ ಗೊತ್ತಾಗದೆ ಹೋಗಬಹುದಾ?
– ಹೆಸರು ಬೇಡ, ದಕ್ಷಿಣ ಕನ್ನಡ

ಪುಟ್ಟಾ, ಕೇಳಿದ್ದು ಒಳ್ಳೆಯದಾಯಿತು. ಮಾತಾಡುವುದಕ್ಕೆ ಯಾರ ಸಹಿಯೂ ಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಇದೆ, ಹಗಲೂ ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿನ್ನ ವಯಸ್ಸಿನವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಅಲ್ಲಿ ಆಪ್ತಸಮಾಲೋಚಕರ ಹತ್ತಿರ ಕೂತು ಮಾತಾಡಬಹುದು.

ಆದರೆ ಮಾತ್ರೆ ಶುರು ಮಾಡಬೇಕು ಅಂದರೆ ಮನೆಯ ದೊಡ್ಡವರೊಬ್ಬರು ಬೇಕು ಅಂತ ಡಾಕ್ಟರ್ ಕೇಳುತ್ತಾರೆ. ಅದು ನಿನ್ನನ್ನು ಹಿಡಿದುಕೊಡುವುದಕ್ಕಲ್ಲ, ಮಾತ್ರೆ ತಗೊಳ್ಳುವಾಗ ನೋಡಿಕೊಳ್ಳುವವರು ಇರಲಿ ಅಂತ. ‘ಆಸ್ಪತ್ರೆಗೆ ಹಾಕಿಬಿಡ್ತಾರಾ’ ಅನ್ನುವ ಭಯ ನಿನಗಿದ್ದರೆ ಬಿಟ್ಟುಬಿಡು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18ರೊಳಗಿನವರನ್ನು ಸೇರಿಸಿಕೊಳ್ಳುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು, ದೊಡ್ಡವರ ವಾರ್ಡಿನಿಂದ ಬೇರೆ ಇಡಬೇಕು, ಮನೆಯವರೊಬ್ಬರು ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅಳು ಬರುತ್ತೆ, ನಿದ್ದೆ ಇಲ್ಲ ಅಂದವರನ್ನು ಹಾಗೆ ಸೇರಿಸಿಕೊಳ್ಳುವುದಿಲ್ಲ.

ಗುಟ್ಟು ಎಲ್ಲಿಯವರೆಗೆ ಅಂತ ಮೊದಲ ದಿನವೇ ಅವರನ್ನು ಕೇಳು. ‘ನಾನು ಹೇಳಿದ್ದರಲ್ಲಿ ಯಾವುದನ್ನು ಮನೆಗೆ ಹೇಳ್ತೀರಿ, ಯಾವುದನ್ನು ಹೇಳಲ್ಲ?’ ಅಂತ. ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ. ಅಪ್ಪನಿಗೆ ನೀನೇ ಹೇಳಬೇಕಾಗಿಲ್ಲ. ಅಮ್ಮನೋ, ಚಿಕ್ಕಮ್ಮನೋ, ಅತ್ತೆಯೋ, ಯಾರ ಹತ್ತಿರ ಬಾಯಿ ಬರುತ್ತದೋ ಅವರಿಗೆ ಹೇಳು. ಅಪ್ಪನ ಹತ್ತಿರ ಅವರು ಮಾತಾಡಲಿ, ಇಲ್ಲವೇ ಡಾಕ್ಟರ್ ಮಾತಾಡಲಿ. ‘ಹುಚ್ಚಿ’ ಅನ್ನುವ ಮಾತನ್ನು ನಾನು ಕಂಡ ಎಷ್ಟೋ ಅಪ್ಪಂದಿರು ಡಾಕ್ಟರ್ ಮುಂದೆ ಕೂತ ಮೇಲೆ ಮತ್ತೆ ಆಡಿಲ್ಲ.

ಸಾಯಬೇಕು ಅನ್ನುವ ಯೋಚನೆ ಬಂದಿದ್ದರೆ ಮಾತ್ರ ಮೇಲಿನ ಯಾವುದಕ್ಕೂ ಕಾಯಬೇಡ. ಈಗಲೇ ವಾರ್ಡನ್ ಬಾಗಿಲು ತಟ್ಟು, ಅಥವಾ ರೂಮ್‌ಮೇಟ್‌ನ ಎಬ್ಬಿಸು, ಒಬ್ಬಳೇ ಇರಬೇಡ. ಈ ಪತ್ರವನ್ನೇ ಅವರ ಕೈಗೆ ಕೊಟ್ಟರೂ ಸಾಕು.